ಹೊಳೆಯ ಮೀನನ್ನು ಗಾಜಿನ ತೊಟ್ಟಿಗೆ ಕೊಳ್ಳುವ ಮುನ್ನ



ನಮ್ಮ ಶಾಲೆಯಲ್ಲಿ ಓದಿ, ಈಗ ಬಂಟ್ವಾಳದ ಕಡೆ ಸಂಸಾರ ಹೂಡಿಕೊಂಡಿರುವ ಹೆಣ್ಣುಮಗಳೊಬ್ಬಳು ಈಚೆಗೆ ನನಗೊಂದು ಕಾಗದವನ್ನು ಬರೆದಳು. ಮಗನ ಆಸೆಗಾಗಿ ಗಾಜಿನ ತೊಟ್ಟಿಯೊಂದನ್ನು ಕೊಂಡಿರುವುದಾಗಿಯೂ, ನೇತ್ರಾವತಿಯಲ್ಲಿ ಹಿಡಿದ ಪಟ್ಟೆಯ ಮೀನುಗಳನ್ನು ಒಬ್ಬಾತನು ತನ್ನ ಮನೆಯಿಂದಲೇ ಮಾರುತ್ತಿರುವುದಾಗಿಯೂ ತಿಳಿಸಿ, "ಕೊಳ್ಳಬಹುದೆ, ಮಿಸ್?" ಎಂದು ಕೇಳಿದ್ದಾಳೆ. ಇದೇ ಪ್ರಶ್ನೆ ಇನ್ನೂ ಕೆಲವು ಮನೆಗಳಲ್ಲಿ ಎದ್ದಿರಬಹುದಾದ ಕಾರಣ, ಉತ್ತರವನ್ನು ಇಲ್ಲಿಯೇ ಬರೆಯುತ್ತೇನೆ.

ಆಕೆ ಹೇಳುವ ಮೀನು ಸಿಕ್ಲಿಡ್ ಎಂಬ ಕುಟುಂಬಕ್ಕೆ ಸೇರಿದ್ದು. ಈ ಕುಟುಂಬದ ನೂರಾರು ಜಾತಿಗಳು ಆಫ್ರಿಕಾ ಮತ್ತು ಅಮೆರಿಕಾ ಖಂಡಗಳಲ್ಲಿವೆ. ಇಂಡಿಯಾದಲ್ಲಿ ಸ್ವಭಾವತಃ ಇರತಕ್ಕವು ಮೂರೇ. ಕೇರಳದವರು ಕರಿಮೀನು ಎಂದು ಕರೆದು 2010ರಲ್ಲಿ ರಾಜ್ಯಮೀನಾಗಿ ಆರಿಸಿಕೊಂಡದ್ದು ಒಂದು. ಕರಾವಳಿಯ ಹಿನ್ನೀರುಗಳಲ್ಲಿರುವ ಚಿಕ್ಕ ಹಳದಿ ಮೀನು ಇನ್ನೊಂದು. ಮೂರನೆಯದು ಕೆನರಾ ಸಿಕ್ಲಿಡ್. ಫ್ರಾನ್ಸಿಸ್ ಡೇ ಎಂಬ ವಿದ್ವಾಂಸರು 1877ರಲ್ಲಿ ವರ್ಣಿಸಿದ ಈ ಮೂರನೆಯದು ದಕ್ಷಿಣ ಕನ್ನಡ ಸೀಮೆಯ ನೇತ್ರಾವತಿ, ಕುಮಾರಧಾರಾ ಮೊದಲಾದ ನದಿಗಳಲ್ಲಲ್ಲದೆ ಲೋಕದ ಬೇರೆಲ್ಲಿಯೂ ಇಲ್ಲ. ಒಂದು ಗೇಣಿಗೂ ಕಡಿಮೆಯ ಮೀನು. ಮೈಮೇಲೆ ಕಪ್ಪು ಅಡ್ಡಪಟ್ಟೆಗಳು, ಅವುಗಳ ನಡುವೆ ಮುತ್ತಿನಂಥ ಚುಕ್ಕೆಗಳು. ದೂರದೇಶದವರೂ ಇದನ್ನು ಬಯಸುವುದರಲ್ಲಿ ಆಶ್ಚರ್ಯವಿಲ್ಲ.

ನಮ್ಮ ಸಂತೆಮರಹಳ್ಳಿಯ ಮಕ್ಕಳು ಸಿಕ್ಲಿಡ್ಡನ್ನು ಕಂಡೇ ಇಲ್ಲವೆಂದು ತಿಳಿಯಬೇಡಿರಿ. ಕೆರೆಯ ಜಿಲೇಬಿ ಮೀನು ಇದೇ ಕುಟುಂಬದ್ದು. ಆಫ್ರಿಕಾದ ಈ ಜಾತಿಯನ್ನು ಆಹಾರಕ್ಕೆಂದು 1952ರಲ್ಲಿ ನಮ್ಮ ದೇಶಕ್ಕೆ ತಂದರು. ತಾಯಿಮೀನು ಮೊಟ್ಟೆಗಳನ್ನೂ ಎಳೆಮರಿಗಳನ್ನೂ ಬಾಯಲ್ಲಿಟ್ಟುಕೊಂಡು ಕಾಯುತ್ತದೆ. ಆ ದಿನಗಳಲ್ಲಿ ಅದು ಹೆಚ್ಚುಕಡಮೆ ಉಪವಾಸವೇ. ನಮ್ಮ ದೇಶದ ಸಿಕ್ಲಿಡ್ಡುಗಳಾದರೋ ನೀರೊಳಗಿನ ಕಲ್ಲು, ಕಟ್ಟಿಗೆಗಳಿಗೆ ಮೊಟ್ಟೆಯನ್ನು ಅಂಟಿಸುತ್ತವೆ. ಹಳದಿ ಮೀನಿನ ತಾಯ್ತಂದೆಗಳಿಬ್ಬರೂ ಸರದಿಯಂತೆ ರೆಕ್ಕೆಯಿಂದ ನೀರು ಬೀಸುತ್ತ ಕಾವಲಿರುತ್ತವೆ. ಮರಿಗಳು ತಾಯ್ತಂದೆಗಳ ಮೈಮೇಲಿನ ಲೋಳೆಯನ್ನೇ ಮೆಲ್ಲುತ್ತ ಬೆಳೆಯುತ್ತವೆ. ಈ ಸಂಗತಿಯನ್ನು ಹೇಳಿದಾಗ ಎಂಟನೆಯ ತರಗತಿಯ ಹುಡುಗಿಯರು ನಗುವುದನ್ನು ಬಿಟ್ಟು ಸುಮ್ಮನಾದುದನ್ನು ನಾನು ಕಂಡಿದ್ದೇನೆ. ಕಾವಲಿನಲ್ಲಿರುವ ಜೋಡಿಯನ್ನು ಬಲೆಯಲ್ಲಿ ಎತ್ತಿದರೆ, ಕೊಂಡವರ ಮನೆಗೆ ಬರುವುದು ಎರಡು ಮೀನು. ಹೊಳೆಯಲ್ಲಿ ಅಳಿಯುವುದು ಒಂದು ಸಂಸಾರ. ಆದುದರಿಂದ ಮಾರುವವನನ್ನು ಕೇಳತಕ್ಕ ಮೊದಲ ಮಾತು ಬೆಲೆಯಲ್ಲ. ಯಾವ ಕಾಲದಲ್ಲಿ, ಎಲ್ಲಿ, ಹೇಗೆ ಹಿಡಿದೆ ಎಂಬುದು.

ಹೇಗೆಂಬುದು ಬಹು ಮುಖ್ಯ. ಬೀಸುಬಲೆಯಲ್ಲಿ ಹಿಡಿದು ಮೆಲ್ಲನೆ ಬಿಡಿಸಿದ ಮೀನು ಬದುಕೀತು. ಗಾಳದಲ್ಲಿ ಬಂದುದರ ಬಾಯಿ ಹರಿದಿರುತ್ತದೆ. ಬ್ಲೀಚಿಂಗ್ ಪುಡಿ ಸುರಿದೋ ಸಿಡಿಮದ್ದು ಹಾಕಿಯೋ ಹಿಡಿಯುವ ದುಷ್ಟರೂ ಇದ್ದಾರೆ. ಅಂಥ ಮೀನು ಮಾರುವ ದಿನ ಈಜಾಡಿದರೂ ಕಿವಿರು ಕೆಟ್ಟೋ ಒಳಗಾಯದಿಂದಲೋ ಆಮೇಲೆ ಸಾಯಬಹುದು. ಅಭಯಾರಣ್ಯದೊಳಗಿನ ನೀರಿನಿಂದ ತಂದುದಾದರೆ 1972ರ ವನ್ಯಜೀವಿ ಸಂರಕ್ಷಣಾ ಶಾಸನದ ತೊಡಕೂ ಇದೆ. ಬಿಳಿಗಿರಿರಂಗನ ಬೆಟ್ಟ, ಬಂಡೀಪುರಗಳ ನೆರೆಯಲ್ಲಿರುವ ನಾವು ಇದನ್ನು ಮರೆಯಲಾಗದು.

ಇಲ್ಲಿ ನನ್ನದೇ ತಪ್ಪೊಂದನ್ನು ಒಪ್ಪಿಕೊಳ್ಳಬೇಕು. ನಾನಿನ್ನೂ ವಿಜ್ಞಾನದ ಉಪಾಧ್ಯಾಯಿನಿಯಾಗಿದ್ದ ಕಾಲದಲ್ಲಿ, ಪರವೂರಿನ ಒಬ್ಬ ವ್ಯಾಪಾರಿಯಿಂದ ಆರು ಹಳದಿ ಮೀನುಗಳನ್ನು ಕೊಂಡು, ಪ್ಲಾಸ್ಟಿಕ್ ಚೀಲದ ನೀರಿನ ಸಮೇತ ಶಾಲೆಯ ತೊಟ್ಟಿಗೆ ಸುರಿದುಬಿಟ್ಟೆ. ಅವುಗಳ ರೆಕ್ಕೆಗಳು ಮೈಗೆ ಅಂಟಿಕೊಂಡಿದ್ದುದನ್ನು ದಣಿವೆಂದು ಭಾವಿಸಿದೆ. ನಾಲ್ಕನೆಯ ದಿನ ಉಪ್ಪಿನ ಹರಳಿನಂಥ ಬಿಳಿಚುಕ್ಕೆಗಳು ಕಾಣಿಸಿಕೊಂಡವು. ಎರಡು ವಾರದೊಳಗೆ ಹೊಸವುಗಳೊಂದಿಗೆ, ಮಕ್ಕಳು ಮೂರು ವರುಷ ಸಾಕಿದ್ದ ಚಿನ್ನದ ಮೀನುಗಳೂ ಸತ್ತುವು. ವ್ಯಾಪಾರಿಯನ್ನು ಬೈಯುವುದು ಸುಲಭವಾಗಿತ್ತು. ಕೈಯಾರೆ ಸುರಿದವಳು ನಾನು.

ಆದಕಾರಣ ಕೊಳ್ಳುವವರು ಮಾರುವವನ ಮನೆಗೇ ಹೋಗಿ, ತಮ್ಮೆದುರಿಗೆ ಮೀನಿಗೆ ಆಹಾರ ಹಾಕಿಸಿ ನೋಡತಕ್ಕದ್ದು. ಹೊಳೆಯ ಮೀನು ಅಂಗಡಿಯ ಗುಳಿಗೆಯನ್ನು ಆಹಾರವೆಂದೇ ಅರಿಯದು. ಎರೆಹುಳುವನ್ನೋ ಸೊಳ್ಳೆಮರಿಯನ್ನೋ ಕೂಡ ಮುಟ್ಟದಿದ್ದರೆ ಹಿಂದಿರುಗಿರಿ. ಹೊಟ್ಟೆ ಒಳಸೇದಿರುವುದು, ಬಿಳಿಯ ದಾರದಂಥ ಮಲ, ಏದುಸಿರಿನಂತೆ ಕಿವಿರು ಬಡಿಯುವುದು, ಇವು ಒಳಗಿನ ಹುಳು ಅಥವಾ ಕಿವಿರಿನ ರೋಗದ ಗುರುತಾಗಿರಬಹುದು. ಎಳೆಯ ಮೀನುಗಳಲ್ಲಿ ಹೆಸರು ತಪ್ಪುವುದೂ ಸುಲಭ. ಕೆನರಾ ಮೀನೆಂದು ತಂದುದು ಕರಿಮೀನಾಗಿದ್ದರೆ ಅದು ಮೊಳದುದ್ದಕ್ಕೆ ಸಮೀಪಿಸುವಷ್ಟು ಬೆಳೆದು ನಿಮ್ಮ ತೊಟ್ಟಿ ಸಾಲದೆ ಹೋದೀತು.

ನೀರಿನ ವಿಷಯವನ್ನು ಅನೇಕರು ಲಕ್ಷಿಸುವುದೇ ಇಲ್ಲ. ಕರಾವಳಿಯ ಹೊಳೆಯ ನೀರು ಮೆದು. ನಮ್ಮ ಕಡೆಯ ಕೊಳವೆಬಾವಿಯ ನೀರು ಬೇಳೆ ಬೇಯದಷ್ಟು ಗಡುಸು. ಹಿನ್ನೀರಿನದಾದರೆ ಉಪ್ಪಿನಂಶವೂ ಉಂಟು. ಮಾರುವವನು ಯಾವ ನೀರಿನಲ್ಲಿಟ್ಟಿದ್ದನೆಂದು ತಿಳಿದು, ಮನೆಯ ನೀರನ್ನು ಒಂದೆರಡು ಗಂಟೆಗಳ ಕಾಲ ತೊಟ್ಟುತೊಟ್ಟಾಗಿ ಬೆರೆಸಿ ಮೀನನ್ನು ಒಗ್ಗಿಸಬೇಕು. ಚೀಲದ ನೀರನ್ನು ಹೊರಗೆ ಚೆಲ್ಲಬೇಕು. ಬಳಿಕ ನಾಲ್ಕು ವಾರ ಬೇರೊಂದು ತೊಟ್ಟಿಯಲ್ಲಿ, ಬೇರೆಯದೇ ಬಲೆ ಬಟ್ಟಲುಗಳೊಡನೆ ಇರಿಸಬೇಕು. ಸಿಡುಬಿನ ಮನೆಯವರನ್ನು ಹಿಂದಿನವರು ದೂರವಿರಿಸುತ್ತಿದ್ದುದು ನೆನಪಿರಲಿ.

ಬೇಸರವಾಯಿತೆಂದು ಮೀನನ್ನು ಊರ ಕೆರೆಗೆ ಬಿಡುವವರಿದ್ದಾರೆ. ಅದು ದಯೆಯಲ್ಲ. ಜಿಲೇಬಿ ಮೀನು ಒಮ್ಮೆ ನೆಲೆಯೂರಿದ ಕೆರೆಗಳಿಂದ ಅದನ್ನು ತೆಗೆಯಲು ಈವರೆಗೆ ಯಾರಿಂದಲೂ ಸುಲಭವಾಗಿ ಆಗಿಲ್ಲ.

ಬಂಟ್ವಾಳದವಳಿಗೆ ನಾನು ಬರೆದುದು ಇಷ್ಟು. ಮೊದಲು ತೊಟ್ಟಿಯನ್ನು ಒಂದು ತಿಂಗಳು ನಡೆಸು. ಮಲದಿಂದ ಹುಟ್ಟುವ ಅಮೋನಿಯಾವನ್ನು ಕಳೆಯುವ ಸೂಕ್ಷ್ಮಾಣುಗಳು ಬೆಳೆಯಲು ಅಷ್ಟು ಕಾಲ ಬೇಕು. ತೊಟ್ಟಿಯಲ್ಲಿ ಮರಿಮಾಡಿಸಿದವರು ಸಿಕ್ಕಿದರೆ ಬೆಲೆ ಹೆಚ್ಚಾದರೂ ಅವರಿಂದಲೇ ಕೊಳ್ಳು. ಸಿಕ್ಕದಿದ್ದರೆ, ನಿಮ್ಮ ಮನೆಯಿಂದ ಹೊಳೆಯೇನೂ ದೂರವಿಲ್ಲವಲ್ಲ. ನೀರು ತಿಳಿಯಾಗಿರುವ ಬೇಸಗೆಯ ಬೆಳಗಿನಲ್ಲಿ ಮಗನನ್ನು ಕರೆದುಕೊಂಡು ಹೋಗಿ, ಬಂಡೆಯ ಮೇಲೆ ಅರ್ಧ ಗಂಟೆ ಅಲುಗದೆ ಕುಳಿತು ನೋಡು. ಅವಳ ಮಗ ಮರುಟಪಾಲಿನಲ್ಲಿ ನನಗೊಂದು ಚಿತ್ರ ಕಳುಹಿಸಿದ್ದಾನೆ. ಪಟ್ಟೆಗಳನ್ನು ಎಣಿಸಿಯೇ ಬರೆದಿರುವಂತಿದೆ.