ನಲ್ಲಿ ಸಾಲಿನ ಕೊನೆಯ ಹುಡುಗ

ಮಧ್ಯಾಹ್ನದ ಬಿಸಿಯೂಟ ಮುಗಿದ ಮೇಲಿನ ಇಪ್ಪತ್ತು ನಿಮಿಷ ಶಾಲೆಯಲ್ಲಿ ಯಾರ ಕೈಗೂ ಸಿಗದ ಹೊತ್ತು. ಮೇಷ್ಟ್ರುಗಳು ಸ್ಟಾಫ್ ರೂಮಿನಲ್ಲಿ ಡಬ್ಬಿ ಬಿಚ್ಚಿರುತ್ತಾರೆ, ಮುಂದಿನ ಗಂಟೆ ಇನ್ನೂ ಬಾರಿಸಿರುವುದಿಲ್ಲ. ತಿಪಟೂರು ಸೀಮೆಯ ಆ ಸರ್ಕಾರಿ ಪ್ರೌಢಶಾಲೆಯ ಹಿಂಭಾಗದಲ್ಲಿ, ತೆಂಗಿನ ತೋಟದ ಬೇಲಿಗೆ ಆತುಕೊಂಡು, ಒಂದು ಸಿಮೆಂಟು ತೊಟ್ಟಿ ಮತ್ತು ನಲ್ಲಿಗಳ ಸಾಲು. ಮಕ್ಕಳು ತಟ್ಟೆ ತೊಳೆಯಲು ನುಗ್ಗುತ್ತಾರೆ. ಸ್ಟೀಲ್ ತಟ್ಟೆಗಳ ಸದ್ದು, ಸಾಂಬಾರಿನ ಎಣ್ಣೆ ತೇಲುವ ನೀರು, ಉಳಿದ ಅನ್ನಕ್ಕೆ ಕಾಯುವ ಎರಡು ನಾಯಿ.

ಹತ್ತನೇ ಕ್ಲಾಸಿನ ಒಬ್ಬ ಹುಡುಗ ಮಾತ್ರ ಗುಂಪು ಕರಗುವ ತನಕ ಬೇಲಿಯ ಹತ್ತಿರ ನಿಂತಿರುತ್ತಾನೆ. ಸಣಕಲು ಮೈ, ಇನ್ನೂ ಒಡೆಯದ ದನಿ. ನಲ್ಲಿಗೆ ಕೈ ಇಟ್ಟ ಕೂಡಲೇ ಹಿಂದಿನಿಂದ ರಾಗವಾಗಿ ಬರುತ್ತದೆ: "ಅಕ್ಕಾ, ಒಸಿ ಜರುಗಕ್ಕಾ." ಹೇಳುವವರು ಇಬ್ಬರೇ. ನಗುವವರು ಹತ್ತು ಹನ್ನೆರಡು ಜನ. ಆ ನಗೆ ಬಾರದೆ ಹೋದರೆ ಹೇಳುವ ಇಬ್ಬರಿಗೆ ಹೇಳಿ ಪ್ರಯೋಜನವಿಲ್ಲ.

ಈ ಸಂಗತಿಯನ್ನು ಹಿಡಿದುಕೊಂಡು ಕೆಲಸ ಮಾಡಿದವರು ಫಿನ್ಲೆಂಡಿನ ತುರ್ಕು ವಿಶ್ವವಿದ್ಯಾಲಯದ ಕ್ರಿಸ್ಟಿನಾ ಸಾಲ್ಮಿವಲ್ಲಿ ಮತ್ತು ಅವರ ತಂಡ. ಅಲ್ಲಿ ಸಹಪಾಠಿಗಳ ಕಾಟ ತಡೆಯುವ 'ಕಿವಾ' ಎಂಬ ಕಾರ್ಯಕ್ರಮ 2009ರಿಂದ ದೇಶದ ಬಹುಪಾಲು ಶಾಲೆಗಳಿಗೆ ಹರಡಿತು. ಅದರ ಕಣ್ಣು ಕಾಡುವವನ ಮೇಲಾಗಲಿ ಕಾಡಿಸಿಕೊಳ್ಳುವವನ ಮೇಲಾಗಲಿ ಮಾತ್ರ ಇಲ್ಲ, ಸುತ್ತ ನಿಂತವರ ಮೇಲಿದೆ. ಜೊತೆಗೂಡುವವರು, ನಕ್ಕು ಹುರಿದುಂಬಿಸುವವರು, ಕಂಡೂ ಕಾಣದಂತಿರುವವರು, ಪಕ್ಕಕ್ಕೆ ಬಂದು ನಿಲ್ಲುವವರು ಎಂದು ಅವರು ತರಗತಿಯನ್ನು ಓದುತ್ತಾರೆ. ಅದಕ್ಕೂ ಮೊದಲು ನಾರ್ವೆ ಎಚ್ಚೆತ್ತಿದ್ದು ನೋವಿನಿಂದ. 1982ರಲ್ಲಿ ಉತ್ತರ ನಾರ್ವೆಯ ಮೂವರು ಹುಡುಗರು ಪ್ರಾಣ ಕಳೆದುಕೊಂಡರು. ಸಹಪಾಠಿಗಳ ಕಾಟವೇ ಕಾರಣವಿರಬೇಕೆಂದು ಪತ್ರಿಕೆಗಳು ಬರೆದವು. ಮರುವರ್ಷವೇ ಸರ್ಕಾರ ರಾಷ್ಟ್ರೀಯ ಆಂದೋಲನ ಆರಂಭಿಸಿತು. ಕಾಟ ತಡೆಯಲು ಮನೋವಿಜ್ಞಾನಿ ಡಾನ್ ಓಲ್ವಿಯಸ್ ರೂಪಿಸಿದ ಕಾರ್ಯಕ್ರಮ ಹುಟ್ಟಿದ್ದು ಆಗ.

ನಮ್ಮ ಹುಡುಗನ ವಿಷಯಕ್ಕೆ ಬರೋಣ. ಸಂಜೆ ನಾಲ್ಕೂವರೆಯ ಬಸ್ಸಿನಲ್ಲಿ ಕೊನೆಯ ಸೀಟು ಅದೇ ಇಬ್ಬರದು. ಅವನ ಬ್ಯಾಗು ಕೈಯಿಂದ ಕೈಗೆ ದಾಟಿ ಮುಂದಿನ ಬಾಗಿಲಿಗೆ ಹೋಗುತ್ತದೆ. ಕಂಡಕ್ಟರ್ "ಏಯ್, ಸುಮ್ನಿರ್ರಲಾ" ಎಂದು ಒಮ್ಮೆ ಗದರಿ ಟಿಕೆಟ್ ಕೊಡುವುದರಲ್ಲಿ ಮುಳುಗುತ್ತಾರೆ. ಹಿಂದೆಲ್ಲ ಮನೆಯ ಬಾಗಿಲು ದಾಟಿದರೆ ಕಾಟ ಆ ದಿನಕ್ಕೆ ಮುಗಿಯುತ್ತಿತ್ತು. ಈಗ ಅವ್ವನ ಮೊಬೈಲಿನಲ್ಲಿ ಕ್ಲಾಸಿನ ವಾಟ್ಸ್ಆ್ಯಪ್ ಗುಂಪು ಇದೆ. ರಾತ್ರಿ ಒಂಬತ್ತಕ್ಕೆ ಅವನ ಫೋಟೋಗೆ ಸೀರೆ ಉಡಿಸಿದ ಚಿತ್ರ ಬಂದು ಬೀಳುತ್ತದೆ, ಅದರ ಕೆಳಗೆ ನಗುವ ಮುಖಗಳ ಸಾಲು. ಅವ್ವನಿಗೆ ಅದು ಗೊತ್ತಿಲ್ಲ, ಅವಳು ಹಸುವಿಗೆ ಹುಲ್ಲು ಹಾಕಲು ಹೋಗಿದ್ದಾಳೆ.

ಮೊದಲು ಗಮನಿಸಿದ್ದು ಅಡುಗೆಯಮ್ಮ. ಅಡುಗೆ ಕೋಣೆಯ ಕಿಟಕಿ ನೇರ ನಲ್ಲಿಗಳ ಕಡೆಗೇ ತೆರೆಯುತ್ತದೆ. ಎರಡು ಸಲ ಅನ್ನ ಹಾಕಿಸಿಕೊಳ್ಳುತ್ತಿದ್ದ ಹುಡುಗ ಒಂದೇ ಸೌಟಿಗೆ ಕೈ ಅಡ್ಡ ಹಿಡಿಯತೊಡಗಿದ. ಆಮೇಲೆ ಮೊಟ್ಟೆಯ ದಿನವೂ ಬರಲಿಲ್ಲ. ಅವರು ಪಾತ್ರೆ ತೊಳೆದಿಟ್ಟು, ಸೆರಗಿಗೆ ಕೈ ಒರೆಸಿಕೊಂಡು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತರು. "ಮಿಸ್ಸೇ, ಆ ಹುಡ್ಗ ಉಣ್ಣಾಕೆ ಬತ್ತಿಲ್ಲ. ಬೇಲಿತಾವ ಒಬ್ನೇ ಕುಂತಿರ್ತಾನೆ. ಒಸಿ ನೋಡ್ರವ್ವ."

ಒಳಗಿದ್ದ ಹಿರಿಯರೊಬ್ಬರು ಎಂದಿನ ಮಾತು ಹೇಳಿದರು: ಹುಡುಗರು ಅಂದಮೇಲೆ ಇವೆಲ್ಲ ಇದ್ದದ್ದೇ, ನಾವೂ ಬೈಸಿಕೊಂಡೇ ಬೆಳೆದವರು. ಈ ಮಾತನ್ನು ನಾನು ಕೇಳದ ಶಾಲೆಯಿಲ್ಲ. ಹಾಗೆ ಬೆಳೆಯಲಾಗದೆ ಹೋದವರು ಸ್ಟಾಫ್ ರೂಮಿಗೆ ಬಂದು ತಮ್ಮ ಕಥೆ ಹೇಳುವುದಿಲ್ಲವಲ್ಲ, ಅದಕ್ಕೇ ಆ ವಾದ ಯಾವಾಗಲೂ ಗೆಲ್ಲುತ್ತದೆ.

ಕನ್ನಡದ ಮಿಸ್ ಅಂದು ಸಂಜೆ ಹುಡುಗನನ್ನು ಲೈಬ್ರರಿ ಪುಸ್ತಕಗಳಿಗೆ ನಂಬರು ಅಂಟಿಸುವ ನೆಪದಲ್ಲಿ ಉಳಿಸಿಕೊಂಡರು. ಎದುರಿಗೆ ಕೂರಿಸಿಕೊಳ್ಳಲಿಲ್ಲ, ಪಕ್ಕದಲ್ಲಿ ಕೂರಿಸಿಕೊಂಡರು. ಅವನು ಅಂಟಿನ ಬಾಟಲಿಯ ಮುಚ್ಚಳ ತಿರುಗಿಸುತ್ತಲೇ ಇದ್ದ. ನಲ್ಲಿಯ ಮಾತು, ಬಸ್ಸಿನ ಮಾತು, ಫೋಟೋದ ಮಾತು ಒಂದೊಂದೇ ಬಂತು. ಮಿಸ್ ಬುದ್ಧಿ ಹೇಳಲಿಲ್ಲ. ಕೊನೆಗೆ ನೇರವಾಗಿಯೇ ಕೇಳಿದರು: "ಬದುಕೋದೇ ಬೇಡ ಅಂತ ಯಾವಾಗಾದ್ರೂ ಅನ್ನಿಸಿದ್ಯೇನೋ?"

ಮುಚ್ಚಳ ತಿರುಗುವುದು ನಿಂತಿತು. "ಅನ್ನಿಸ್ತದೆ ಮಿಸ್. ಯಾರ್ಗೂ ಹೇಳ್ಬ್ಯಾಡಿ."

"ನಂಗೆ ಹೇಳಿದ್ದು ಒಳ್ಳೇದಾಯ್ತು. ಊರಿಗೆಲ್ಲ ಹೇಳಲ್ಲ ಕಣೋ. ಆದ್ರೆ ನಿಮ್ಮವ್ವಂಗೆ ಹೇಳ್ಲೇಬೇಕು. ಅವ್ರು ಬರೋವರ್ಗೂ ನಾನು ಎಲ್ಲೂ ಹೋಗಲ್ಲ."

ಕೇಳಿದರೆ ಇಲ್ಲದ ಯೋಚನೆಯನ್ನು ತಲೆಗೆ ತುಂಬಿದಂತಾಗುತ್ತದೆ ಎಂದು ಹೆದರುವವರು ಬಹಳ. ಮನೋವೈದ್ಯರ ಅನುಭವ ಇದಕ್ಕೆ ವಿರುದ್ಧ. ನೇರವಾಗಿ ಕೇಳುವುದರಿಂದ ಅಪಾಯ ಹೆಚ್ಚುವುದಿಲ್ಲ, ಎದೆಯ ಭಾರ ಇಳಿಸಲು ಒಂದು ದಾರಿ ಸಿಗುತ್ತದೆ. ಕೇಳುವ ದನಿ ಮುಖ್ಯ, ಕೇಳಿದ ಮೇಲೆ ಅವನನ್ನು ಒಂಟಿಯಾಗಿ ಬಿಡದಿರುವುದು ಇನ್ನೂ ಮುಖ್ಯ. ಮಿಸ್ ಗುಟ್ಟಿನ ಆಣೆ ಮಾಡದೆ ಇದ್ದದ್ದೂ ಸರಿಯೇ.

2022ರಲ್ಲಿ ನಮ್ಮ ದೇಶದಲ್ಲಿ ಆತ್ಮಹತ್ಯೆಯಿಂದ ತೀರಿಕೊಂಡ ವಿದ್ಯಾರ್ಥಿಗಳು 13,044 ಎಂದು ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋ ಲೆಕ್ಕ ಕೊಟ್ಟಿದೆ. ಇಂಥ ಸಾವಿಗೆ ಒಂದೇ ಕಾರಣ ಇರುವುದು ಅಪರೂಪ. ಕಾಟ, ಖಿನ್ನತೆ, ಮನೆಯ ಜಗಳ, ಪರೀಕ್ಷೆಯ ಭಯ, ಹೇಳಿಕೊಳ್ಳಲು ಯಾರೂ ಇಲ್ಲದಿರುವುದು, ಎಲ್ಲ ಹೆಣೆದುಕೊಂಡಿರುತ್ತವೆ. 100 ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಶಿಕ್ಷಣ ಸಂಸ್ಥೆಗಳಲ್ಲಿ ತರಬೇತಾದ ಆಪ್ತಸಮಾಲೋಚಕರು ಇರಬೇಕೆಂದು ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ ಹೇಳಿತು. ಒಳ್ಳೆಯದು. ಆದರೆ ಸಮಾಲೋಚಕರ ಕೊಠಡಿ ತೆರೆದರೂ ಹುಡುಗ ತಾನಾಗಿ ಅಲ್ಲಿಗೆ ನಡೆದುಹೋಗುವುದಿಲ್ಲ. ಅವನು ಉಣ್ಣಲಿಲ್ಲ ಎಂದು ಕಂಡವರು ಕೈ ಹಿಡಿದು ಕರೆದೊಯ್ಯಬೇಕು.

ಕರೆದೊಯ್ಯಲು ಜಾಗಗಳಿವೆ, ಊರಿನವರಿಗೆ ಗೊತ್ತಿರುವುದು ಕಡಿಮೆ. ರಾಜ್ಯದ 'ಮನೋಚೈತನ್ಯ' ಕಾರ್ಯಕ್ರಮದಲ್ಲಿ ಮನೋವೈದ್ಯರು ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಿಗೆ ಬರುತ್ತಾರೆ. ನಿಮ್ಹಾನ್ಸ್ ಮತ್ತು ಯುವ ಸಬಲೀಕರಣ ಇಲಾಖೆ ಸೇರಿ ನಡೆಸುವ 'ಯುವ ಸ್ಪಂದನ' ಕೇಂದ್ರಗಳು ಜಿಲ್ಲೆಗಳಲ್ಲಿವೆ. ಅವು ಊರಿನ ಹುಡುಗ ಹುಡುಗಿಯರನ್ನೇ 'ಯುವ ಪರಿವರ್ತಕ'ರೆಂದು ತಯಾರು ಮಾಡುತ್ತವೆ. 2022ರ ಅಕ್ಟೋಬರ್ 10ರಿಂದ ಕೆಲಸ ಮಾಡುತ್ತಿರುವ ಟೆಲಿಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಕರೆ ಮಾಡಿದರೂ ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ. ಮಕ್ಕಳಿಗೆ 1098 ಇದೆ.

ಅವ್ವ ಬಂದಳು, ಅತ್ತಳು, ಆಮೇಲೆ ಮೊದಲ ಪ್ರಶ್ನೆ: "ಜನ ಏನಂತಾರೆ ಮಿಸ್, ಹುಚ್ಚಿನ ಡಾಕ್ಟ್ರತಾವ ಹೋದ್ರೆ?" ಮಂಗಳವಾರ ಆಸ್ಪತ್ರೆಗೆ ಜೊತೆಗೆ ಹೋದವರು ಊರಿನ ಆಶಾ ಕಾರ್ಯಕರ್ತೆ. ಬಿಪಿ ತೋರಿಸುವವರ ಸಾಲಿನಲ್ಲೇ ಕೂತು ಬಂದಿದ್ದರಿಂದ ಯಾರೂ ಏನೂ ಅನ್ನಲಿಲ್ಲ. ಡಾಕ್ಟರು ಅವ್ವನಿಗೆ ಒಂದು ಮಾತು ಒತ್ತಿ ಹೇಳಿದರು: ಹೊಲದ ಔಷಧಿ ಮನೆಯಲ್ಲಿ ಇಡಬೇಡಿ, ಬೀಗ ಹಾಕುವ ಕಡೆ ಇಟ್ಟು ಕೀಲಿ ನಿಮ್ಮ ಹತ್ತಿರ ಇರಲಿ. ಅಪಾಯಕಾರಿ ಕೀಟನಾಶಕಗಳನ್ನು ನಿಷೇಧಿಸಿದ ಮೇಲೆ ಶ್ರೀಲಂಕಾದಲ್ಲಿ ಆತ್ಮಹತ್ಯೆಗಳು ಇಳಿದವು. ಕಷ್ಟದ ಗಳಿಗೆಯಲ್ಲಿ ವಿಷ ಕೈಗೆ ಸಿಗದಿದ್ದರೆ ಎಷ್ಟೋ ಸಲ ಆ ಗಳಿಗೆ ದಾಟಿಹೋಗುತ್ತದೆ.

ಶಾಲೆಯಲ್ಲಿ ಆ ಇಬ್ಬರನ್ನು ಪ್ರಾರ್ಥನೆಯ ಹೊತ್ತಿಗೆ ಧ್ವಜಸ್ತಂಭದ ಮುಂದೆ ನಿಲ್ಲಿಸಿ ಕ್ಷಮೆ ಕೇಳಿಸಬೇಕೆಂದು ಪಿ.ಟಿ. ಮೇಷ್ಟ್ರ ಸಲಹೆ. ಹೆಡ್‌ಮಾಸ್ಟರು ಒಪ್ಪಲಿಲ್ಲ. ಹಾಗೆ ಮಾಡಿದ್ದರೆ ಅವಮಾನ ಕೈ ಬದಲಾಯಿಸುತ್ತಿತ್ತೇ ಹೊರತು ಕಾಟ ನಿಲ್ಲುತ್ತಿರಲಿಲ್ಲ. ಇಬ್ಬರನ್ನೂ ಬೇರೆ ಬೇರೆ ಕರೆದು, ಅಪ್ಪಂದಿರನ್ನೂ ಕರೆಸಿ ಮಾತಾಡಿದರು. ಒಬ್ಬನ ಅಪ್ಪ ಕುಡಿದು ಹೊಡೆಯುತ್ತಾನೆ ಎಂಬುದೂ ಅಲ್ಲಿಯೇ ಹೊರಬಿತ್ತು. ಫೋಟೋ ಗುಂಪಿನಿಂದ ಹೋಯಿತು. ಇದಕ್ಕಿಂತ ಹೆಚ್ಚು ಕೆಲಸ ಮಾಡಿದ್ದು ಮಿಸ್ ಸದ್ದಿಲ್ಲದೆ ಹೇಳಿಟ್ಟ ಮೂರು ಮಕ್ಕಳು. ಇಬ್ಬರು ಖೋಖೋ ಹುಡುಗಿಯರು, ಒಬ್ಬ ಕ್ರಿಕೆಟ್ ತಂಡದವನು. ಊಟಕ್ಕೆ ಅವನ ಪಕ್ಕ ಕೂರುವುದು, ನಲ್ಲಿಗೆ ಜೊತೆಗೆ ಹೋಗುವುದು, ನಗೆ ಎದ್ದಾಗ ನಗದಿರುವುದು, ಅಷ್ಟೇ ಅವರ ಕೆಲಸ. ಬಸ್ಸಿನಲ್ಲಿ ಕಂಡಕ್ಟರ್ ಅವನನ್ನು ತಮ್ಮ ಸೀಟಿನ ಹಿಂದೆ ಕೂರಿಸತೊಡಗಿದರು. ಕಾಟ ಪೂರ್ತಿ ನಿಂತಿತೆಂದಲ್ಲ. ಕೊನೆಯ ಸೀಟಿನಿಂದ ಆಗಾಗ ರಾಗ ಬರುತ್ತಿತ್ತು, ಕೂಡಿಕೊಳ್ಳುವವರು ಕಡಿಮೆಯಾದರು.

ಮಾರ್ಚಿನಲ್ಲಿ ಪರೀಕ್ಷೆ ಬಂತು. ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ನಮ್ಮ ಊರುಗಳ ಸ್ಥಿತಿ ಗೊತ್ತಲ್ಲ. ಜೆರಾಕ್ಸ್ ಅಂಗಡಿಯ ಮುಂದೆ ಜಾತ್ರೆ, ಸ್ಟೇಟಸ್ಸಿನಲ್ಲಿ ಅಂಕಗಳು, ಟೀ ಅಂಗಡಿಯಲ್ಲಿ "ನಿಮ್ಮೋನಿಗೆ ಎಷ್ಟು?" ವರ್ಷವಿಡೀ ಅಡ್ಡಹೆಸರು ಹೊತ್ತವನಿಗೆ ಆ ದಿನ ಡುಮ್ಕಿ ಎಂಬ ಇನ್ನೊಂದು ಹೆಸರು ಸೇರುತ್ತದೆ. ತಮಿಳುನಾಡಿನಲ್ಲಿ ನಪಾಸಾದವರಿಗೆ ಬೇಗನೆ ಮರುಪರೀಕ್ಷೆ ಬೇಕೆಂದು ಒತ್ತಾಯಿಸಿದವರಲ್ಲಿ ಚೆನ್ನೈಯಲ್ಲಿ 1986ರಲ್ಲಿ 'ಸ್ನೇಹಾ' ಸಂಸ್ಥೆ ಕಟ್ಟಿದ ಮನೋವೈದ್ಯೆ ಲಕ್ಷ್ಮಿ ವಿಜಯಕುಮಾರ್ ಒಬ್ಬರು. ನಮ್ಮಲ್ಲಿ 2024ರಲ್ಲಿ ವರ್ಷಕ್ಕೆ ಮೂರು ಪರೀಕ್ಷೆ ಎಂಬ ನಿಯಮ ಬಂತು. ನಿಯಮ ಬದಲಾಗಿದೆ, ಟೀ ಅಂಗಡಿಗೆ ಸುದ್ದಿ ಇನ್ನೂ ಮುಟ್ಟಿಲ್ಲ.

ನಮ್ಮ ಹುಡುಗನದು ಗಣಿತ ಹೋಗಿತ್ತು. ಫಲಿತಾಂಶದ ಸಂಜೆ ಹೆಡ್‌ಮಾಸ್ಟರು ಪರೀಕ್ಷೆ-2ರ ಅರ್ಜಿಗಳನ್ನು ಸ್ಕೂಟರಿನ ಡಿಕ್ಕಿಯಲ್ಲಿ ಹಾಕಿಕೊಂಡು ನಪಾಸಾದವರ ಮನೆಗಳ ಪಟ್ಟಿ ಹಿಡಿದು ಹೊರಟರು. ಅವನ ಮನೆಯ ಜಗುಲಿಯ ಮೇಲೆ ಕೂತು ನೀರು ಕುಡಿದು, ಅಪ್ಪ ಬಾಯಿ ತೆರೆಯುವ ಮೊದಲೇ ಅರ್ಜಿ ಬಿಡಿಸಿಟ್ಟರು.

"ಒಂದೇ ಸಬ್ಜೆಕ್ಟು. ಸೋಮವಾರದಿಂದ ಸ್ಕೂಲಲ್ಲೇ ಕ್ಲಾಸು, ಒಂಬತ್ತೂವರೆಗೆ. ಇಲ್ಲಿ ಸೈನ್ ಹಾಕಪ್ಪ."

ಹುಡುಗ ಸೈನ್ ಹಾಕಿದ. ಅಪ್ಪ ಗಂಟಲು ಸರಿಮಾಡಿಕೊಂಡು, "ಫೀಜು ಎಷ್ಟು ಸಾ?" ಎಂದ. ಹೆಡ್‌ಮಾಸ್ಟರು ಹೇಳಿ, ಪಟ್ಟಿಯಲ್ಲಿ ಮುಂದಿನ ಹೆಸರು ನೋಡಿ, "ಆ ಕಡೇ ಸೀಟಿನೋನ ಮನೆ ಯಾವ ಬೀದೀಲೋ? ಅವನ್ದೂ ಎರಡು ಹೋಗಿದೆ" ಎಂದು ಹುಡುಗನನ್ನೇ ದಾರಿ ಕೇಳಿದರು.