ಕಡಲಿಗೆ ಇಳಿಯುವ ಮುನ್ನ

ಸ್ಕಾಟ್ಲೆಂಡಿನ ಎಡಿನ್‌ಬರಾ ವಿಶ್ವವಿದ್ಯಾಲಯದ ಕಿಂಗ್ಸ್ ಬಿಲ್ಡಿಂಗ್ಸ್ ಆವರಣದಲ್ಲಿ, ಸೂರಿನಡಿ, ಒಂದು ದುಂಡನೆಯ ಕೊಳ. ಹೆಸರು ಫ್ಲೋವೇವ್. 2014ರಲ್ಲಿ ತೆರೆದ ಇದರ ಅಗಲ 25 ಮೀಟರ್, ಆಳ 2 ಮೀಟರ್; ನೆಲದಡಿಯದೂ ಸೇರಿ ಹಿಡಿಯುವ ನೀರು ಸುಮಾರು 24 ಲಕ್ಷ ಲೀಟರ್. ಅಂಚಿನ ಸುತ್ತ 168 ಹಲಗೆಗಳು ಹೆಗಲಿಗೆ ಹೆಗಲು ಕೊಟ್ಟು ನಿಂತಿವೆ.

ಕಂಪ್ಯೂಟರಿನಿಂದ ಆಜ್ಞೆ ಬಂತೆಂದರೆ ಹಲಗೆಗಳು ಸಾಲಾಗಿ ಬಾಗಿ ಏಳುತ್ತವೆ. ಕನ್ನಡಿಯಂತಿದ್ದ ನೀರು ಮಡಿಕೆ ಬಿದ್ದು ಅಲೆಯಾಗುತ್ತದೆ. ನೆಲದಡಿಯ 28 ಯಂತ್ರಗಳು ನೀರನ್ನು ತಳ್ಳಿ ಬೇಕಾದ ದಿಕ್ಕಿಗೆ ಉಬ್ಬರವಿಳಿತದ ಸೆಳೆತ ಹುಟ್ಟಿಸುತ್ತವೆ. ಅಲೆ ಒಂದು ಕಡೆಯಿಂದ, ಸೆಳೆತ ಇನ್ನೊಂದು ಕಡೆಯಿಂದ. ನಿಜವಾದ ಕಡಲೂ ಹೀಗೇ. ಸುತ್ತಲಿನ ಹಲಗೆಗಳೆಲ್ಲ ಒಟ್ಟಿಗೆ ಅಲೆ ಹೊರಡಿಸಿದರೆ, ಆ ಉಂಗುರ ಕಿರಿದಾಗುತ್ತ ಬಂದು ನಟ್ಟನಡುವೆ ಕೂಡಿ, ನೀರು ನೆಟ್ಟಗೆ ಮೇಲಕ್ಕೆ ಚಿಮ್ಮುತ್ತದೆ.

ಈ ನೀರಿನಲ್ಲಿ ತೇಲುವುದು ಕಡಲಿನಿಂದ ವಿದ್ಯುತ್ ತೆಗೆಯುವ ಯಂತ್ರಗಳ ಪುಟ್ಟ ಮಾದರಿಗಳು. ಅಳತೆ ಇಪ್ಪತ್ತರಲ್ಲಿ ಒಂದು ಪಾಲಾದರೆ, ಇಲ್ಲಿನ ಅರ್ಧ ಮೀಟರ್ ಅಲೆ ಕಡಲಿನ 10 ಮೀಟರ್ ಅಲೆಗೆ ಸಮ. ಕಾಲವೂ ಕುಗ್ಗುತ್ತದೆ: ಅಲ್ಲಿ 10 ಸೆಕೆಂಡಿಗೊಮ್ಮೆ ಬರುವ ಅಲೆ ಇಲ್ಲಿ ಎರಡೂಕಾಲು ಸೆಕೆಂಡಿಗೊಮ್ಮೆ ಬರಬೇಕು. ಲಂಗರಿನ ಹಗ್ಗ ಎಷ್ಟು ಜಗ್ಗಿತು, ಕೀಲು ಎಷ್ಟು ತಿರುಗಿತು ಎಂಬುದನ್ನೆಲ್ಲ ಸಂವೇದಕಗಳು ಬರೆದಿಡುತ್ತವೆ. ಇಲ್ಲಿ ಮಾದರಿ ಮುರಿದರೆ ನಷ್ಟ ಅಲ್ಪ. ಕಡಲಲ್ಲಿ ಯಂತ್ರ ಮುರಿದರೆ ಕಂಪನಿಯೇ ಮುಳುಗೀತು.

ಈ ಕಸುಬನ್ನು ಇಲ್ಲಿ ಬೇರೂರಿಸಿದವರು ಪ್ರಾಧ್ಯಾಪಕ ಸ್ಟೀಫನ್ ಸಾಲ್ಟರ್. 1973ರ ತೈಲ ಬಿಕ್ಕಟ್ಟಿನ ಬಿಸಿಯಲ್ಲಿ ಅವರು ಅಲೆಗೆ ತಲೆದೂಗುತ್ತ ಶಕ್ತಿ ಹೀರುವ ‘ಬಾತುಕೋಳಿ’ಯನ್ನು ರೂಪಿಸಿದರು. ತೊಟ್ಟಿಯಲ್ಲಿ ಅದು ಅಲೆಯ ಶಕ್ತಿಯ ಬಹುಪಾಲನ್ನು ಹೀರಿ ಬೆರಗು ಮೂಡಿಸಿತು. ಆದರೆ 1980ರ ದಶಕದ ಆರಂಭದಲ್ಲಿ ಬ್ರಿಟಿಷ್ ಸರ್ಕಾರ ಅಲೆಶಕ್ತಿಗೆ ಕೊಡುತ್ತಿದ್ದ ಹಣಕ್ಕೆ ಕತ್ತರಿ ಹಾಕಿತು. ಬಾತುಕೋಳಿ ಪೂರ್ಣ ಗಾತ್ರದಲ್ಲಿ ಕಡಲಿಗೆ ಇಳಿಯಲೇ ಇಲ್ಲ.

ಆದರೂ ವಿದ್ಯೆ ಉಳಿಯಿತು. ಎದುರು ಬಂದ ಅಲೆಯನ್ನು ಗುರುತಿಸಿ, ಮರಳಿ ಚಿಮ್ಮಗೊಡದೆ ನುಂಗುವ ಹಲಗೆ ಸಾಲ್ಟರ್ ತಂಡದ ಸಾಧನೆ. ಫ್ಲೋವೇವ್ ನಿಂತಿರುವುದೂ ಆ ತಂತ್ರದ ಮೇಲೆಯೇ. ಎಡಿನ್‌ಬರಾದಲ್ಲಿ ಹುಟ್ಟಿದ ಪೆಲಾಮಿಸ್ ಯಂತ್ರ 2004ರಲ್ಲಿ ಆರ್ಕ್ನಿ ದ್ವೀಪಗಳ ಪರೀಕ್ಷಾ ಕೇಂದ್ರದಿಂದ ಗ್ರಿಡ್‌ಗೆ ಅಲೆಯ ವಿದ್ಯುತ್ ಹರಿಸಿತು. ಅದನ್ನು ಕಟ್ಟಿದ ಕಂಪನಿಯೂ ಹತ್ತು ವರ್ಷಗಳಲ್ಲಿ ಬಾಗಿಲು ಮುಚ್ಚಿತು.

ಕಂಪನಿಗಳು ಬರುತ್ತವೆ, ಹೋಗುತ್ತವೆ; ಸರ್ಕಾರಗಳ ಒಲವು ಬದಲಾಗುತ್ತದೆ. ಕಲಿತದ್ದನ್ನು ಕಾಪಿಟ್ಟು ಮುಂದಿನ ತಲೆಮಾರಿಗೆ ದಾಟಿಸುವುದು ವಿಶ್ವವಿದ್ಯಾಲಯ. ಕಡಲಿನಿಂದ ವಿದ್ಯುತ್ ಬೇಕೆನ್ನುವ ಯಾವುದೇ ದೇಶ ಮೊದಲು ಇಂಥ ಕೊಳಗಳಿಗೆ, ಅಲ್ಲಿ ದುಡಿಯುವವರಿಗೆ ನಿರಂತರವಾಗಿ ಹಣ ಒದಗಿಸಬೇಕು.