ಮೆಡಿಸಿನ್ನೂ ಬೇಡ, ಕಂಪ್ಯೂಟರೂ ಬೇಡ ಎನ್ನುವ ಮಕ್ಕಳಿಗೆ

ನಮ್ಮ ಕನ್ನಡ ಕೂಟದ ಪಂಕ್ತಿಯಲ್ಲಿ ಊಟಕ್ಕೆ ಕುಳಿತರೆ, ಹೋಳಿಗೆಗಿಂತ ಮೊದಲು ಮಕ್ಕಳ ಓದಿನ ಮಾತು ಬಂದುಬಿಡುತ್ತದೆ. ಮೆಡಿಸಿನ್, ಇಲ್ಲವೇ ಕಂಪ್ಯೂಟರ್. ಶ್ವಾಸಕೋಶದ ವೈದ್ಯನಾದ ನಾನು ಈ ಪುಟ್ಟ ಪಟ್ಟಿಗೆ ಇನ್ನೊಂದನ್ನು ಸೇರಿಸಬೇಕೆಂದಿದ್ದೇನೆ: ದುಡಿಯುವ ಜಾಗದ ಸುರಕ್ಷತೆ ಮತ್ತು ಆರೋಗ್ಯ.

ಬೆಂಗಳೂರಿನಲ್ಲಿ ಎಂಬಿಬಿಎಸ್ ಓದುವಾಗ, ಕೋಲಾರದ ಚಿನ್ನದ ಗಣಿಯಲ್ಲಿ ದುಡಿದು ನಿವೃತ್ತರಾದವರು ನಮ್ಮ ವಾರ್ಡಿಗೆ ಬರುತ್ತಿದ್ದರು. ನಾಲ್ಕು ಹೆಜ್ಜೆ ನಡೆದರೆ ಏದುಸಿರು. ಕಲ್ಲಿನ ಧೂಳಿನಿಂದ ಬರುವ ಸಿಲಿಕೋಸಿಸ್ ಅನ್ನು ಗುಣಪಡಿಸುವ ಮದ್ದು ಅಂದೂ ಇರಲಿಲ್ಲ, ಇಂದೂ ಇಲ್ಲ. ಗಣಿ 2001ರಲ್ಲಿ ಮುಚ್ಚಿತು. ಅದೇ ಕಾಯಿಲೆ ಈಗ ಅಮೆರಿಕದಲ್ಲಿ ಅಡುಗೆಮನೆಯ ಕೌಂಟರ್‌ಟಾಪ್ ಕತ್ತರಿಸುವವರಲ್ಲಿ ಕಾಣಿಸಿಕೊಂಡಿದೆ. ನಾವು ಆಸೆಪಟ್ಟು ಹಾಕಿಸುವ ಕೃತಕ ಕ್ವಾರ್ಟ್ಜ್‌ನಲ್ಲಿ ಸಿಲಿಕಾ ಶೇಕಡಾ 90ಕ್ಕೂ ಹೆಚ್ಚಿರಬಹುದು. ಕ್ಯಾಲಿಫೋರ್ನಿಯಾದಲ್ಲಿ ನಡುವಯಸ್ಸೂ ದಾಟದ ಕೆಲಸಗಾರರಿಗೆ ಶ್ವಾಸಕೋಶದ ಕಸಿ ಮಾಡಬೇಕಾಗಿ ಬಂದಿದೆ. ಆಸ್ಟ್ರೇಲಿಯ 2024ರ ಜುಲೈ 1ರಿಂದ ಈ ಕಲ್ಲನ್ನೇ ನಿಷೇಧಿಸಿತು.

ಇಂಥ ರೋಗಿ ನನ್ನ ಬಳಿ ಬರುವ ಹೊತ್ತಿಗೆ ಕಾಲ ಮಿಂಚಿರುತ್ತದೆ. ಅವನನ್ನು ಮೊದಲೇ ಉಳಿಸಬಲ್ಲವರು ಇಂಡಸ್ಟ್ರಿಯಲ್ ಹೈಜಿನಿಸ್ಟ್. ಕೆಲಸಗಾರನ ಸೊಂಟಕ್ಕೊಂದು ಸಣ್ಣ ಪಂಪು, ಕಾಲರಿಗೊಂದು ಫಿಲ್ಟರು ಸಿಕ್ಕಿಸಿ, ದಿನವಿಡೀ ಅವನು ಉಸಿರಾಡುವ ಗಾಳಿಯ ಧೂಳನ್ನು ಅಳೆಯುತ್ತಾರೆ. ಓಷಾದ 2016ರ ನಿಯಮದಂತೆ ಎಂಟು ಗಂಟೆಯ ಸರಾಸರಿಯಲ್ಲಿ ಒಂದು ಘನ ಮೀಟರಿಗೆ 50 ಮೈಕ್ರೋಗ್ರಾಂ ಸಿಲಿಕಾ ಮೀರಬಾರದು. ಮೀರಿದರೆ ನೀರು ಹಾಯಿಸಿ ಕತ್ತರಿಸಬೇಕು, ಧೂಳನ್ನು ಹುಟ್ಟಿದಲ್ಲೇ ಎಳೆದುಕೊಳ್ಳುವ ಯಂತ್ರ ಕೂರಿಸಬೇಕು. ಮುಖವಾಡ ಕೊನೆಯ ಉಪಾಯ. ಮಾಲೀಕರಿಗೆ ಅದೇ ಮೊದಲು ಹೊಳೆಯುವುದು!

ಇದಕ್ಕೆ ಏನು ಓದಬೇಕು? ಹೈಸ್ಕೂಲು ಮುಗಿಸಿದವರಿಗೆ ನಾಲ್ಕು ವರ್ಷದ ಸೇಫ್ಟಿ ಪದವಿ ಇದೆ. ಇಂಡಿಯಾನಾ ಯೂನಿವರ್ಸಿಟಿ ಆಫ್ ಪೆನ್ಸಿಲ್ವೇನಿಯಾ ಇದಕ್ಕೆ ಹೆಸರುವಾಸಿ (ಎರಡು ರಾಜ್ಯಗಳ ಹೆಸರು ಕಂಡು ಗಾಬರಿಯಾಗಬೇಡಿ, ಇಂಡಿಯಾನಾ ಎಂಬುದು ಅಲ್ಲಿನ ಊರು). ಮುಂದೆ ನಾಲ್ಕು ವರ್ಷದ ಅನುಭವ ಗಳಿಸಿ, ಪರೀಕ್ಷೆಗಳನ್ನು ಪಾಸು ಮಾಡಿದರೆ ಸಿಎಸ್‌ಪಿ. ಕೆಮಿಸ್ಟ್ರಿ, ಬಯಾಲಜಿ, ಎಂಜಿನಿಯರಿಂಗ್ ಓದಿದವರು ಇಂಡಸ್ಟ್ರಿಯಲ್ ಹೈಜೀನ್‌ನಲ್ಲಿ ಮಾಸ್ಟರ್ಸ್ ಮಾಡಿ, ಅನುಭವ ಪಡೆದು ಸಿಐಎಚ್ ಪರೀಕ್ಷೆಗೆ ಕೂರಬಹುದು. ಡಾಕ್ಟರೇ ಆಗಬೇಕೆಂದು ಅಜ್ಜಿ ಹಟ ಹಿಡಿದರೆ ಆಕ್ಯುಪೇಶನಲ್ ಮೆಡಿಸಿನ್ ರೆಸಿಡೆನ್ಸಿಯೂ ಉಂಟು. ರಾತ್ರಿ ಪಾಳಿ ಕಡಿಮೆ. ಊರಲ್ಲಿರುವ ಎಂಬಿಬಿಎಸ್ ತಮ್ಮ-ತಂಗಿಯರಿಗೆ ಎಎಫ್‌ಐಎಚ್ ಎಂಬ ಮೂರು ತಿಂಗಳ ಕೋರ್ಸಿದೆ.

ಕೆಲಸ ಕಾರ್ಖಾನೆಯಲ್ಲೇ ಎಂದೇನಿಲ್ಲ. ಆಸ್ಪತ್ರೆ, ಔಷಧ ಕಂಪನಿ, ಕಟ್ಟಡ ನಿರ್ಮಾಣ, ವಿಮೆ, ಎಲ್ಲೆಡೆ ಇಂಥವರು ಬೇಕು. ಬಿಸಿಲು, ಬೂಟು, ಬೈಗುಳ ಮೂರನ್ನೂ ತಡೆದುಕೊಳ್ಳುವ ಜಾಯಮಾನ ಬೇಕು ಅನ್ನಿ.

ಸಿನ್ಸಿನಾಟಿ, ವಾಷಿಂಗ್ಟನ್, ಯೂಟಾ ವಿಶ್ವವಿದ್ಯಾಲಯಗಳಲ್ಲಿ ಕೇಂದ್ರ ಸರ್ಕಾರದ ನಯಾಶ್ ಸಂಸ್ಥೆಯ ನೆರವಿನಲ್ಲಿ ಬೆಳೆದ ತರಬೇತಿ ಕೇಂದ್ರಗಳಿವೆ. ಆದರೆ 2025ರ ಏಪ್ರಿಲಿನಲ್ಲಿ ನಯಾಶ್‌ನ ಬಹುಪಾಲು ನೌಕರರಿಗೆ ಕೆಲಸದಿಂದ ತೆಗೆಯುವ ನೋಟಿಸು ಬಂದಿತ್ತು. ಹೀಗಾಗಿ ಅರ್ಜಿ ಹಾಕುವ ಮುನ್ನ, ಈ ವರ್ಷ ಸ್ಟೈಪೆಂಡ್ ಇದೆಯೇ, ಗ್ರೀನ್ ಕಾರ್ಡ್ ಇಲ್ಲದವರಿಗೂ ಅದು ಸಿಗುತ್ತದೆಯೇ ಎಂದು ವಿಭಾಗಕ್ಕೇ ಫೋನು ಮಾಡಿ ಕೇಳಿಕೊಳ್ಳಿ.